ಧರ್ಮೋಪದೇಶಕಿಗೆ ಪೋಪರ ಪದಕ: ಶಿಫಾರಸು ಯಾರ ಮೂಲಕ ಹೋಗಬೇಕು?

ಹಲವು ದಶಕಗಳಿಂದ ಮಕ್ಕಳಿಗೆ ಧರ್ಮೋಪದೇಶ (ಕ್ರೈಸ್ತ ವಿಶ್ವಾಸದ ಪಾಠ) ಕಲಿಸುತ್ತಿರುವ ನಿಮ್ಮ ಧರ್ಮಕೇಂದ್ರದ (ಪ್ಯಾರಿಷ್) ಶಿಕ್ಷಕಿಗೆ ಪೋಪರ ಪದಕ ಕೊಡಿಸಲು ವ್ಯಾಟಿಕನ್ನಿಗೆ ನೇರವಾಗಿ ಪತ್ರ ಬರೆಯಬಹುದೇ ಎಂದು ಕೇಳಿದ್ದೀರಿ. ಹಾಗೆ ಬರೆದು ಪ್ರಯೋಜನವಿಲ್ಲ. ಇಂಥ ಶಿಫಾರಸು ಧರ್ಮಾಧ್ಯಕ್ಷರ (ಬಿಷಪ್) ಮೂಲಕ ಹೋಗಬೇಕಾಗುತ್ತದೆ, ಆದ್ದರಿಂದ ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿರಿ. ‘ಬೆನೆಮೆರೆಂತಿ’ (ಅರ್ಹರಿಗೆ) ಪದಕವೂ, ಪೋಪ್ 13ನೆಯ ಲಿಯೋ ಅವರು ತಮ್ಮ ಗುರುದೀಕ್ಷೆಯ ಸುವರ್ಣ ಮಹೋತ್ಸವದ ನೆನಪಿಗೆ 1888ರಲ್ಲಿ ಸ್ಥಾಪಿಸಿದ ‘ಪ್ರೊ ಎಕ್ಲೇಸಿಯಾ ಎತ್ ಪೊಂತಿಫಿಚೆ’ (ಧರ್ಮಸಭೆಗಾಗಿ ಮತ್ತು ಪೋಪರಿಗಾಗಿ) ಶಿಲುಬೆ ಪದಕವೂ ಶ್ರೀಸಾಮಾನ್ಯ ಸ್ತ್ರೀಪುರುಷರಿಗೂ ಸಲ್ಲುವಂಥವು.

ಮನವಿಪತ್ರದಲ್ಲಿ ‘ನಿಸ್ವಾರ್ಥ ಸೇವೆ’ಯಂಥ ವಿಶೇಷಣಗಳನ್ನು ಪೇರಿಸುವ ಬದಲು, ಆ ಶಿಕ್ಷಕಿ ಯಾವ ವರ್ಷದಿಂದ ಕಲಿಸುತ್ತಿದ್ದಾರೆ, ಪ್ರಥಮ ಪರಮಪ್ರಸಾದಕ್ಕೆ (ಫಸ್ಟ್ ಕಮ್ಯುನಿಯನ್) ಮಕ್ಕಳನ್ನು ಹೇಗೆ ಸಿದ್ಧಪಡಿಸುತ್ತಾರೆ, ಹೊಸ ಶಿಕ್ಷಕರನ್ನು ಹೇಗೆ ತರಬೇತುಗೊಳಿಸಿದರು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ, ಕಿವಿ ಕೇಳಿಸದ ಮಗುವಿನ ಪಕ್ಕದಲ್ಲಿ ಕುಳಿತು ಸನ್ನೆಯಲ್ಲೇ ಪ್ರಾರ್ಥನೆ ಕಲಿಸಿದಂಥ ಒಂದು ನಿಜ ಘಟನೆ ಇದ್ದರೆ, ಅದು ಪುಟಗಟ್ಟಲೆ ಹೊಗಳಿಕೆಗಿಂತ ಹೆಚ್ಚು ತೂಗುತ್ತದೆ.

ಅಂದ ಹಾಗೆ, ಪೋಪ್ ಫ್ರಾನ್ಸಿಸ್ 2021ರ ಮೇ ತಿಂಗಳಲ್ಲಿ ಸ್ಥಾಪಿಸಿದ ಧರ್ಮೋಪದೇಶಕರ ಸೇವಾಪದವಿಯನ್ನು ಕೆಲವರು ಇದರೊಂದಿಗೆ ಬೆರೆಸುತ್ತಾರೆ. ಅದು ಪುರಸ್ಕಾರವಲ್ಲ, ಧರ್ಮಾಧ್ಯಕ್ಷರು ಆರಾಧನಾ ವಿಧಿಯಲ್ಲಿ ವಹಿಸಿಕೊಡುವ ಹೊಣೆ. ನಿಮ್ಮ ಧರ್ಮಕ್ಷೇತ್ರದಲ್ಲೇ (ಡಯಾಸಿಸ್) ಕೊಡುವ ಪ್ರಶಸ್ತಿಯೇನಾದರೂ ಇದೆಯೇ ಎಂಬುದನ್ನೂ ಅಲ್ಲಿನ ಧರ್ಮೋಪದೇಶ ವಿಭಾಗದಲ್ಲಿ ವಿಚಾರಿಸಿರಿ. ಆ ಶಿಕ್ಷಕಿಯ ಕೆಲಸವನ್ನು ಕಣ್ಣಾರೆ ಕಂಡವರು ಕೊಡುವ ಗೌರವವನ್ನು ನಾನಂತೂ ಕಡಿಮೆಯೆಂದು ಎಣಿಸಲಾರೆ.