ಓದುಗರ ಪ್ರಶ್ನೆ: ‘ಸೆಟ್’ ಎಂಬುದು ಒಂದೇ ಪದವೇ?

ಪ್ರಶ್ನೆ: ನಮ್ಮ ಕಾಫಿ ತೋಟ ನೋಡಲು ಬಂದ ಅಧಿಕಾರಿಗಳು ‘ಈ ಸಲ ಫ್ರೂಟ್ ಸೆಟ್ ಚೆನ್ನಾಗಿದೆ’ ಎಂದರು. ನೀರೆತ್ತಲು ಇರುವುದು ಪಂಪ್‌ಸೆಟ್, ಹೋಟೆಲಿನಲ್ಲಿ ಸಿಗುವುದು ಸೆಟ್ ದೋಸೆ. ಮಗಳ ಇಂಗ್ಲಿಷ್ ಪಾಠದಲ್ಲಿ ಸೂರ್ಯ ಮುಳುಗುವುದಕ್ಕೂ ‘ಸೆಟ್’ ಎಂದಿದೆ. ಇವೆಲ್ಲ ಒಂದೇ ಪದವೇ? ಮಗಳಿಗೆ ಹೇಗೆ ತಿಳಿಸಿ ಹೇಳಲಿ?
– ಓದುಗರೊಬ್ಬರು, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಬರವಣಿಗೆಯಲ್ಲಿ ಒಂದೇ ಆಗಿ ಕಂಡರೂ ಇದರಲ್ಲಿ ಎರಡು ಮೂಲಗಳು ಬೆರೆತಿವೆ. ಕ್ರಿಯಾಪದವಾದ ‘ಸೆಟ್’ ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದರಿಂದ ಬಂದಿದೆ. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರಿಸು. ಕನ್ನಡದಲ್ಲಿ ‘ಇಸು’ ಸೇರಿಸಿ ನಾವು ಪಡೆಯುವ ಪ್ರೇರಣಾರ್ಥಕ ರೂಪವನ್ನು ಇಂಗ್ಲಿಷಿನ ಕೆಲವು ಹಳೆಯ ಧಾತುಗಳು ಒಳಗಿನ ಸ್ವರ ಬದಲಿಸಿಕೊಂಡು ಪಡೆದಿವೆ. ಮರ ತಾನಾಗಿ ಬಿದ್ದರೆ ‘ಫಾಲ್’, ಕಡಿದು ಉರುಳಿಸಿದರೆ ‘ಫೆಲ್’. ಮಲೆನಾಡಿನಲ್ಲಿ ಕೇಳಿಬರುವ ‘ಫೆಲ್ಲಿಂಗ್’ ಈ ಎರಡನೆಯದರಿಂದಲೇ ಆದದ್ದು.

ಈ ‘ಕೂರಿಸು’ ಎಂಬ ಅರ್ಥವನ್ನು ಕೈಯಲ್ಲಿ ಹಿಡಿದುಕೊಂಡರೆ ಅರ್ಧ ದಾರಿ ಸಾಗಿದಂತೆಯೇ ಸರಿ. ಉಂಗುರಕ್ಕೆ ಹರಳು, ಗೋಡೆಗೆ ಬಾಗಿಲಿನ ಚೌಕಟ್ಟು, ಜಾರಿದ ಮೂಳೆ, ಇವನ್ನೆಲ್ಲ ನಾವೂ ಕೂರಿಸುತ್ತೇವೆ. ಇಂಗ್ಲಿಷಿನಲ್ಲಿ ಅವೆಲ್ಲವೂ ‘ಸೆಟ್’. ಸಡಿಲವಾಗಿದ್ದದ್ದು ಒಂದೆಡೆ ನೆಲೆನಿಂತು ಗಟ್ಟಿಯಾಗುವುದು ಅದರ ಮುಂದಿನ ಅರ್ಥ. ಆದ್ದರಿಂದ ಸಿಮೆಂಟು ಗಟ್ಟಿಯಾಗುವುದಕ್ಕೂ ಮೊಸರು ಹೆಪ್ಪುಗಟ್ಟುವುದಕ್ಕೂ ಅದೇ ಪದ ಸಾಲುತ್ತದೆ. ಅಧಿಕಾರಿಗಳು ಹೇಳಿದ ‘ಫ್ರೂಟ್ ಸೆಟ್’ ಇದರ ಪಕ್ಕದಲ್ಲಿಯೇ ನಿಲ್ಲುತ್ತದೆ. ಹೂಮಳೆ, ಎಂದರೆ ಕಾಫಿ ಗಿಡದಲ್ಲಿ ಹೂವು ಅರಳಿಸುವ ಮಳೆ, ಬಿದ್ದು, ಅರಳಿದ ಹೂವು ಪರಾಗಸ್ಪರ್ಶವಾದ ಮೇಲೆ ಬಾಡಿ ಉದುರಿದಾಗ, ಅದರ ಬುಡದ ಅಂಡಾಶಯ ರೆಂಬೆಯಲ್ಲೇ ಉಳಿದು ಮಿಡಿಯಾಗುವುದನ್ನು ಆ ಮಾತು ಸೂಚಿಸುತ್ತದೆ. ಇದಕ್ಕೆ ಕನ್ನಡದಲ್ಲಿ ‘ಕಾಯಿ ಕಚ್ಚುವುದು’ ಎನ್ನುತ್ತಾರೆ. ಮಿಡಿಯು ರೆಂಬೆಯನ್ನು ಬಿಡದೆ ಹಿಡಿದ ಚಿತ್ರವೇ ಅದರಲ್ಲಿರುವುದರಿಂದ, ತೋಟದ ದಾಖಲೆಗಳಲ್ಲಿಯೂ ಅದನ್ನೇ ಬರೆಯುವುದು ಮೇಲೆಂದು ನನಗೆ ತೋರುತ್ತದೆ.

ಪಂಪ್‌ಸೆಟ್ ಮತ್ತು ಸೆಟ್ ದೋಸೆ ಬೇರೆ ಮನೆತನದವು. ಗುಂಪು ಎಂಬ ಅರ್ಥದ ನಾಮಪದ ‘ಸೆಟ್’, ಲ್ಯಾಟಿನ್ನಿನ ‘ಸೆಕ್ಟ’ ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಪಂಥ ಎಂಬ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು. ಮೋಟಾರು ಮತ್ತು ಪಂಪು ಜೊತೆಯಾಗಿದ್ದರೆ ಪಂಪ್‌ಸೆಟ್, ಒಂದು ತಟ್ಟೆಗೆ ಎರಡು ಮೂರು ದೋಸೆ ಜೊತೆಯಾಗಿ ಬಂದರೆ ಸೆಟ್ ದೋಸೆ. ಕಾಲಕ್ರಮದಲ್ಲಿ ಎರಡು ಮೂಲಗಳೂ ಒಂದರೊಳಗೊಂದು ಸೇರಿಹೋದವು.

1989ರಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳನ್ನು ಕೊಟ್ಟಿತ್ತು. ಪರಿಷ್ಕರಣೆ ಮುಂದುವರಿದಂತೆ ‘ರನ್’ ಅದನ್ನು ಹಿಂದೆ ಹಾಕಿ 645ಕ್ಕೆ ಏರಿತು. ಇವನ್ನು ಮಗಳಿಂದ ಉರು ಹೊಡೆಸುವ ಅಗತ್ಯವಿಲ್ಲ. ಜೊತೆಗೆ ಬರುವ ಪದವನ್ನು ಗಮನಿಸಲು ಕಲಿಸಿದರೆ ಸಾಕು: ಮುಂಗಾರು ‘ಸೆಟ್ ಇನ್’ ಆದರೆ ಮಳೆ ಹಿಡಿಯಿತೆಂದು ಅರ್ಥ, ಪಯಣಿಗ ‘ಸೆಟ್ ಔಟ್’ ಮಾಡಿದರೆ ಹೊರಟನೆಂದು ಅರ್ಥ. ಇನ್ನೊಂದು ಮಾತನ್ನೂ ಹೇಳಿಕೊಡಿ. ‘ಸಿಟ್’ ಭೂತಕಾಲದಲ್ಲಿ ‘ಸ್ಯಾಟ್’ ಆಗುತ್ತದೆ, ‘ಸೆಟ್’ ಬದಲಾಗುವುದಿಲ್ಲ. ಹಾಗಾಗಿ ‘ದ ಸನ್ ಸೆಟ್ಸ್’ ಎಂದರೆ ಸೂರ್ಯ ಮುಳುಗುತ್ತಾನೆ, ‘ದ ಸನ್ ಸೆಟ್’ ಎಂದರೆ ಮುಳುಗಿದನು.