ಮೆಟ್ಟಿಲು, ಏಣಿ, ಸೋಪಾನ: ಯಾವುದನ್ನು ಎಲ್ಲಿ ಬಳಸಬೇಕು?

ಕಟ್ಟಿದ್ದೋ ಕಡೆದದ್ದೋ ಆಗಿ ಒಂದೇ ಕಡೆ ಇರುವುದು ಮೆಟ್ಟಿಲು. ಎತ್ತಿ ಇನ್ನೊಂದು ಕಡೆ ಆನಿಸಬಹುದಾದದ್ದು ಏಣಿ. ಸೋಪಾನ ಸಂಸ್ಕೃತದ್ದು, ಬರಹಕ್ಕೇ ಸರಿ. ಚಿಕ್ಕಮಗಳೂರಿನ ತೋಟದಲ್ಲಿ ಮೆಣಸು ಕೊಯ್ಯಲು ಮರಕ್ಕೆ ಆನಿಸುವುದು ಏಣಿ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡೆದ 600ಕ್ಕೂ ಹೆಚ್ಚು ಇವೆಯಲ್ಲ, ಅವು ಮೆಟ್ಟಿಲು.

ಮೆಟ್ಟಿಲು ಪದದ ಗುಟ್ಟು ‘ಮೆಟ್ಟು’ ಎಂಬ ಕ್ರಿಯಾಪದದಲ್ಲಿದೆ. ಮೆಟ್ಟು ಎಂದರೆ ಕಾಲಿಟ್ಟು ತುಳಿ. ಕಾಲಲ್ಲಿ ಮೆಟ್ಟುವ ಚಪ್ಪಲಿಯೂ ಮೆಟ್ಟು. ಮಲೆನಾಡಿನ ಅಡುಗೆಮನೆಯಲ್ಲಿ ಕಾಲಿಂದ ಒತ್ತಿ ಹಿಡಿದು ತರಕಾರಿ ಹೆಚ್ಚುವುದು ಮೆಟ್ಟುಗತ್ತಿ. ಹಾಗಾಗಿ ಬಾಗಿಲ ಬುಡದ ಹೊಸ್ತಿಲನ್ನು ಯಾರೂ ಮೆಟ್ಟಿಲು ಅನ್ನುವುದಿಲ್ಲ. ಅದನ್ನು ದಾಟಬೇಕು, ತುಳಿದರೆ ಅಜ್ಜಿ ಬೈಯುತ್ತಾರೆ.

ಹೊಸದಾಗಿ ಕಲಿಯುವವರು ಎಡವುವುದು ಬಹುವಚನದಲ್ಲಿ. ಸಂಖ್ಯೆ ಮುಂದಿದ್ದರೆ ಮಾತಿನಲ್ಲಿ ‘ಗಳು’ ಬೇಡ: ‘ಇಪ್ಪತ್ತು ಮೆಟ್ಟಿಲು ಹತ್ತಿ, ಎಡಗಡೆ ಮನೆ’. ‘ಮೆಟ್ಟಿಲ ಮೇಲೆ ಕೂತ್ಕೋಬೇಡ’, ‘ಮೆಟ್ಟಿಲಿಳಿದು ಬಾ’ ಎನ್ನುವಾಗಲೂ ಏಕವಚನವೇ ಸಾಕು. ಪೇಟೆಯಲ್ಲಿ ‘ಸ್ಟೆಪ್ಸ್’ ಅಂದರೂ ಎಲ್ಲರಿಗೂ ತಿಳಿಯುತ್ತದೆ.

ನುಡಿಗಟ್ಟಿನಲ್ಲಿ ಅರ್ಥ ಬೇರೆ. ‘ಕೋರ್ಟು ಮೆಟ್ಟಿಲು ಹತ್ತಿದ’ ಎಂದರೆ ದಾವೆ ಹೂಡಿದ ಎಂದು. ಕೋರ್ಟು ನೆಲಮಹಡಿಯಲ್ಲೇ ಇದ್ದರೂ ಹೀಗೇ ಹೇಳುವುದು. ‘ಇನ್ನು ಅವರ ಮನೆ ಮೆಟ್ಟಿಲು ತುಳಿಯಲ್ಲ’ ಅಂದರೆ ಸಂಬಂಧ ಹಳಸಿದೆ ಎಂದೇ ತಿಳಿಯಿರಿ.