ಓದುಗರು ಕೇಳಿದ್ದು: ಹಳೇ ಲಾರಿಗೆ ಹೊಸ ಬಿಡಿಭಾಗ

ಪ್ರಶ್ನೆ: ಅಕ್ಕಾ, ನಮ್ಮ ತಾತ 1967ರಲ್ಲಿ ಕೊಂಡ ಟಾಟಾ ಮರ್ಸಿಡಿಸ್ 1210 ಲಾರಿ ಇನ್ನೂ ಮನೆಯಲ್ಲಿದೆ. ಇಂಜಿನ್ ಚೆನ್ನಾಗಿದೆ. ತೊಂದರೆ ಕೊಡುತ್ತಿರುವುದು ಚಿಕ್ಕ ಚಿಕ್ಕ ಸಾಮಾನು. ಗಾಜು ಏರಿಸುವ ಹ್ಯಾಂಡಲ್ ಎರಡು ತುಂಡಾಗಿದೆ. ಆಕ್ಸಿಲರೇಟರ್ ಲಿಂಕಿನ ಪಿನ್ನು ತಿರುಗುವ ಬುಷ್ (ಲೋಹದ ಬಳೆ) ಸವೆದು ಪೆಡಲ್ ಲೊಡಲೊಡ ಅನ್ನುತ್ತದೆ. ಬಾಗಿಲ ರಬ್ಬರ್ ಕಲ್ಲಾಗಿದೆ. ಚಕ್ರದ ಬಳಿ ಆಯಿಲ್ ಒತ್ತಡದಿಂದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಒಂದು ಸೋರುತ್ತಿದೆ. ಅಂಗಡಿಗಳಲ್ಲಿ ‘ಈ ಮಾಡೆಲ್ ನಿಂತು ಎಷ್ಟೋ ಕಾಲ ಆಯ್ತು’ ಅಂತಾರೆ. ಎಲ್ಲವನ್ನೂ ಲೇತ್‌ನಲ್ಲಿ ಮಾಡಿಸಬಹುದಾ?
– ಓದುಗರೊಬ್ಬರು, ಯಲಹಂಕ

ಉತ್ತರ: ಬ್ರೇಕಿನದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ದಾರಿ ಇದೆ. ಆದರೆ ಮಾಡಿಸುವ ಮೊದಲು ಇನ್ನೊಂದು ಸಲ ಹುಡುಕಿ. ಈ ಸಲ ‘ಮರ್ಸಿಡಿಸ್ ಪಾರ್ಟ್’ ಅಂತ ಕೇಳಬೇಡಿ, ‘ಟಾಟಾ 1210’ ಅಂತ ಕೇಳಿ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡಿದ್ದು 1954ರಲ್ಲಿ. ಅದು 1969ರಲ್ಲಿ ಮುಗಿಯಿತು. ಮುಂಭಾಗದ ಮೂರು ಮೂಲೆಯ ನಕ್ಷತ್ರ ಹೋಯಿತು. ಲಾರಿ ಮಾತ್ರ ಒಂದೇ ದಿನಕ್ಕೆ ಬದಲಾಗಲಿಲ್ಲ. 1210 ಅನ್ನುವ ಹೆಸರಿನಲ್ಲೇ ಟಾಟಾ ಲಾರಿಗಳು ಆಮೇಲೂ ವರ್ಷಗಟ್ಟಲೆ ರಸ್ತೆಗೆ ಬಂದವು. ಹಾಗಾಗಿ ಆಮೇಲಿನ ಲಾರಿಯ ಸಾಮಾನು ನಿಮ್ಮದಕ್ಕೂ ಕೂರಬಹುದು. ಹಳೇ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಜೆ.ಸಿ. ರಸ್ತೆಯ ದೊಡ್ಡ ಅಂಗಡಿಯಲ್ಲಿ ಇಲ್ಲ ಅಂದರೆ ಒಳಗಿನ ಸಣ್ಣ ಅಂಗಡಿಗಳನ್ನು ನೋಡಿ. ಕಲಾಸಿಪಾಳ್ಯದ ಲಾರಿ ಮೆಕ್ಯಾನಿಕ್‌ಗಳನ್ನು ಕೇಳಿ, ಶಿವಾಜಿನಗರದ ಗುಜರಿಗೂ ಒಂದು ಸುತ್ತು ಹೋಗಿ. ಫೋಟೋ ತೋರಿಸಿದರೆ ಕೌಂಟರಿನವರು ಕೂತಲ್ಲೇ ತಲೆ ಆಡಿಸುತ್ತಾರೆ. ತುಂಡನ್ನೇ ಕೈಗೆ ಕೊಟ್ಟರೆ ಎದ್ದು ಹೋಗಿ ಹುಡುಕುತ್ತಾರೆ.

ಈಗ ಬುಷ್ ವಿಷಯ. ಕಾಮಾಕ್ಷಿಪಾಳ್ಯದ ನಮ್ಮ ಅಂಗಡಿಗೆ ಇಂಥ ಕೆಲಸ ಬಂದಾಗೆಲ್ಲ ಗಿರಾಕಿ ಹಳೇ ಬುಷ್ ಒಂದನ್ನೇ ತಂದು ‘ಇದೇ ಥರ ಮಾಡಿಕೊಡಿ’ ಅಂತಾರೆ. ಇದೇ ಥರ ಮಾಡಿದರೆ ಸವೆತವನ್ನೂ ಸೇರಿಸಿ ಮಾಡಿದ ಹಾಗಾಗುತ್ತದೆ, ಅಲ್ವಾ? ನನಗೆ ಬೇಕಿರುವುದು ಅದರೊಳಗೆ ತಿರುಗುವ ಪಿನ್ನು, ಮತ್ತು ಬುಷ್ ಕೂರುವ ತೂತಿನ ಅಳತೆ. ಪಿನ್ನನ್ನು ಮೈಕ್ರೋಮೀಟರ್‌ನಲ್ಲಿ ಎರಡು ತುದಿ, ನಡು, ಹೀಗೆ ಮೂರು ಕಡೆ ಅಳೆಯಬೇಕು. ಪ್ರತಿ ಕಡೆಯೂ ಅಡ್ಡ ತಿರುಗಿಸಿ ಇನ್ನೊಂದು ಸಲ. ಪಿನ್ನು ಜಾಸ್ತಿ ಸವೆಯುವುದು ಬುಷ್ ಒಳಗೆ ತಿರುಗುವ ಜಾಗದಲ್ಲಿ. ಅಲ್ಲಿ ಮೊಟ್ಟೆಯ ಆಕಾರಕ್ಕೆ ತಿರುಗಿದ್ದರೆ ಹೊಸ ಬುಷ್ ಹಾಕಿಯೂ ಪ್ರಯೋಜನ ಇಲ್ಲ, ಪಿನ್ನನ್ನೂ ಹೊಸದು ಮಾಡಿಸಿ. ಬುಷ್‌ಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಸಾಕು. 12 ಮಿ.ಮೀ. ಪಿನ್ನಿಗೆ 0.03ರಿಂದ 0.05 ಮಿ.ಮೀ. ಸಡಿಲ ಇದ್ದರೆ ಪೆಡಲ್ ಹಗುರವಾಗಿ ಆಡುತ್ತದೆ. ಬಿಗಿಯಾಗಿ ಒತ್ತಿ ಕೂರಿಸಿದ ಬುಷ್‌ನ ಒಳಗಿನ ತೂತು ತುಸು ಕುಗ್ಗುತ್ತದೆ. ಅದಕ್ಕೇ ಕೂರಿಸಿದ ಮೇಲೆ ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಉಪಕರಣ) ಆಡಿಸಿ ಅಂತ ಹೇಳಿ. ಗ್ರೀಸ್ ತೂತು ಹಳೆಯದಕ್ಕೆ ನೇರವಾಗಿ ಬರುವಂತೆ ನೋಡಿಕೊಳ್ಳಿ.

ಹ್ಯಾಂಡಲ್ ಇನ್ನೂ ಸ್ವಾರಸ್ಯದ ಕೆಲಸ. ಹಳೇ ಹ್ಯಾಂಡಲ್‌ಗಳು ಸಾಮಾನ್ಯವಾಗಿ ಸತುವಿನ ಎರಕ. ಅದು 400 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ವೆಲ್ಡಿಂಗ್‌ಗೆ ಕೊಟ್ಟರೆ ಮುದ್ದೆಯಾಗಿ ವಾಪಸ್ ಬರುತ್ತದೆ, ಕೊಡಬೇಡಿ. ತುಂಡುಗಳನ್ನು ಅಂಟಿಸಿ, ಮುರಿದ ಅಂಚನ್ನು ಪುಟ್ಟಿಯಲ್ಲಿ ತುಂಬಿ, ಅದನ್ನೇ ಮಾದರಿ ಮಾಡಿಕೊಂಡು ಮರಳಿನ ಅಚ್ಚಿನಲ್ಲಿ ಅಲ್ಯೂಮಿನಿಯಂ ಎರಕ ಹಾಕಿಸಬಹುದು. ಅಲ್ಯೂಮಿನಿಯಂ ಆರುವಾಗ ನೂರಕ್ಕೆ ಸುಮಾರು 1.3ರಷ್ಟು ಕುಗ್ಗುತ್ತದೆ. 120 ಮಿ.ಮೀ. ಹ್ಯಾಂಡಲ್ ಒಂದೂವರೆ ಮಿ.ಮೀ. ಗಿಡ್ಡವಾದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಬಾಗಿಲ ಪಿನ್ನಿನ ಮೇಲೆ ಕೂರುವ, ಹಲ್ಲಿರುವ ತೂತಿನಲ್ಲಿ ಅಷ್ಟು ಕುಗ್ಗಿದರೂ ಹ್ಯಾಂಡಲ್ ಕೂರುವುದೇ ಇಲ್ಲ. ಆ ತೂತನ್ನು ಮುಚ್ಚಿಯೇ ಎರಕ ಹಾಕಿಸಿ. ಆಮೇಲೆ ಕೊರೆದು, ಒಳಗೆ ಉಕ್ಕಿನ ಬುಷ್ ಕೂರಿಸಿ. ಅದರ ಹಲ್ಲನ್ನು ಪೀಣ್ಯದಲ್ಲಿ ವೈರ್‌ಕಟ್ (ವಿದ್ಯುತ್ ಹರಿಸಿದ ತಂತಿಯಿಂದ ಲೋಹ ಕತ್ತರಿಸುವ ಕೆಲಸ) ಮಾಡುವವರು ಕತ್ತರಿಸಿಕೊಡುತ್ತಾರೆ. ಇಲ್ಲೂ ಅಳತೆಯನ್ನು ಬಾಗಿಲಲ್ಲಿ ಉಳಿದಿರುವ ಹಲ್ಲಿನ ಪಿನ್ನಿನಿಂದಲೇ ತೆಗೆದುಕೊಳ್ಳಬೇಕು. ಬಾಗಿಲೊಳಗಿನ ಗಾಜು ಏರಿಸುವ ಯಂತ್ರವನ್ನೇ ಬಿಚ್ಚಿ ಕೊಂಡೊಯ್ಯಿರಿ.

ತ್ರೀಡಿ ಪ್ರಿಂಟ್ ಮಾಡಿಸಿದರೆ ಸಾಲದಾ ಅಂತ ಈಚೆಗೆ ತುಂಬಾ ಜನ ಕೇಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಲಾರಿಯ ಒಳಗೆ ಅದು ಬಾಳುವುದಿಲ್ಲ. ಎರಕದ ಮಾದರಿಯಾಗಿ ಮಾತ್ರ ಅದು ಬಹಳ ಒಳ್ಳೆಯದು. ಕುಗ್ಗುವ 1.3ನ್ನು ಕಂಪ್ಯೂಟರಿನಲ್ಲೇ ಸೇರಿಸಿ ದೊಡ್ಡದು ಮಾಡಿ ಪ್ರಿಂಟ್ ತೆಗೆಯಬಹುದು.

ಬಾಗಿಲ ರಬ್ಬರ್ ಸುಲಭ. ಇಪಿಡಿಎಂ ರಬ್ಬರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಬಿಸಿಲಿಗೆ ಬೇಗ ಬಿರಿಯುವುದಿಲ್ಲ. ಕಲ್ಲಾದ ಹಳೇ ರಬ್ಬರ್ ಒಣಗಿ ಸಣ್ಣಗಾಗಿರುತ್ತದೆ, ಬಾಗಿಲ ತಗಡಿನಲ್ಲಿ ರಬ್ಬರ್ ಕೂರುವ ತೋಡನ್ನೇ ಅಳೆಯಿರಿ.

ಬ್ರೇಕ್ ಬಗ್ಗೆ ಮಾತ್ರ ನಾನು ಸ್ವಲ್ಪವೂ ಬಗ್ಗುವುದಿಲ್ಲ. ಸಿಲಿಂಡರಿನೊಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ (ಬಟ್ಟಲಿನಾಕಾರದ ಸೀಲ್) ಅನ್ನು ಯಾರು ಕತ್ತರಿಸಿಕೊಟ್ಟರೂ ಹಾಕಬೇಡಿ. ನಿಮ್ಮ ಲಾರಿಯಲ್ಲಿ ನೀವು ಮಾತ್ರ ಕೂರುವುದಿಲ್ಲ, ಎದುರಿಗೂ ಜನ ಬರುತ್ತಾರೆ. ಸಿಲಿಂಡರ್ ಬಿಚ್ಚಿ ಒಳಗಿನ ಬೋರ್ (ತೂತು) ಅಳೆದು, ಅದೇ ಅಳತೆಯ ಕಂಪನಿ ಕಿಟ್ ಹುಡುಕಿ. ಬೋರ್ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ, ಬ್ರೇಕ್ ಕೆಲಸದಲ್ಲಿ ಪಳಗಿದವರಿಂದ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ, ಸಿಗುವ ಕಪ್ಪಿನ ಅಳತೆಗೇ ಬೋರ್ ಮಾಡಿಸಬಹುದು. ತೊಳೆಯಲು ಸೀಮೆಎಣ್ಣೆ, ಡೀಸೆಲ್ ಮುಟ್ಟಬೇಡಿ. ಬ್ರೇಕ್ ಆಯಿಲ್‌ಗೆ ಅಂತ ಮಾಡಿದ ರಬ್ಬರ್ ಅವುಗಳಲ್ಲಿ ಊದಿಕೊಳ್ಳುತ್ತದೆ. ಊದಿದ ಕಪ್ ಒಳಗೇ ಕಚ್ಚಿಕೊಂಡರೆ ಬ್ರೇಕ್ ಬಿಡುವುದೇ ಇಲ್ಲ.

ಪ್ರಶ್ನೆ: ನನ್ನ ಹಳೇ ಫಾರ್ಗೋ ಲಾರಿಯ ಗೇರ್‌ಬಾಕ್ಸ್ ಮೌಂಟಿಂಗ್ ಬೋಲ್ಟಿಗೆ ಅರ್ಧ ಇಂಚಿನ ನಟ್ ತಂದೆ. ಎರಡು ಸುತ್ತು ಹೋಗಿ ನಿಲ್ಲುತ್ತದೆ. ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಆಡಿಸಿ ಸರಿ ಮಾಡಿಸಲೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಬೇಡ. ಫಾರ್ಗೋ ಅಮೆರಿಕದ ಮೂಲದ ಲಾರಿ. ಅಲ್ಲಿಯ ಅರ್ಧ ಇಂಚಿನ ದಪ್ಪ ಥ್ರೆಡ್‌ನಲ್ಲಿ ಇಂಚಿಗೆ 13 ಸುತ್ತು, ಸಣ್ಣ ಥ್ರೆಡ್‌ನಲ್ಲಿ 20. ಬ್ರಿಟಿಷರ ವಿಟ್‌ವರ್ತ್ ಥ್ರೆಡ್‌ನಲ್ಲಿ 12. ಇವು ಒಂದಕ್ಕೊಂದು ಕೂರುವುದಿಲ್ಲ. ಟ್ಯಾಪ್ ಆಡಿಸಿದರೆ ನಟ್ಟಿನ ಅರ್ಧ ಹಲ್ಲು ಹೋಗಿ, ಗೇರ್‌ಬಾಕ್ಸಿನ ಭಾರ ಉಳಿದರ್ಧದ ಮೇಲೆ ಬೀಳುತ್ತದೆ. ಇಂಚಿಗೆ ಎಷ್ಟು ಸುತ್ತು ಅಂತ ತೋರಿಸುವ ಪಿಚ್ ಗೇಜ್ ಒಂದನ್ನು ಕೊಂಡು ಬೋಲ್ಟಿನ ಮೇಲೆ ಇಟ್ಟು ನೋಡಿ. 13 ಕೂತರೆ ಅಂಗಡಿಯಲ್ಲಿ ‘ಯುಎನ್‌ಸಿ’ ಅನ್ನಿ, 20 ಕೂತರೆ ‘ಯುಎನ್‌ಎಫ್’ ಅನ್ನಿ. ಬೋಲ್ಟನ್ನೂ ಬದಲಿಸುವುದಾದರೆ ಹಳೆಯದರ ತಲೆ ಉಜ್ಜಿ ನೋಡಿ. ಮೂರು ಗೀರಿದ್ದರೆ ಅದು ಗ್ರೇಡ್ 5, ಹೊಸದೂ ಅಷ್ಟೇ ಗಟ್ಟಿ ಇರಬೇಕು.